ನಾಲ್ಕು ಜನ ಕೂತ ಮೇಲೆ

ಚಂದ ಇದೆ ಅಂತ ಚಕ್ರ ಹೊಂದುವುದಿಲ್ಲ ಡಾಕ್ಟ್ರೇ, ಅಂದೆ.
ಗೋಣಿಚೀಲದಲ್ಲಿ ಸುತ್ತಿ ತಂದಿದ್ದಿರಿ,
ಭದ್ರಾವತಿ ಗುಜರಿಯಲ್ಲಿ ಎಂಟು ಸಾವಿರಕ್ಕೆ ನಾಲ್ಕು,
ಅಲಾಯ್, ಹದಿನಾಲ್ಕು ಇಂಚು, ಟೈರು ಸಮೇತ.
ಯಾವ ಕಾರಿನ ಕಾಲೋ.
ಆ ಕಾರಿಗೆ ಏನಾಯಿತು ಅಂತ ಚಕ್ರ ಹೇಳುವುದಿಲ್ಲ.
ಮಗುಚಿ ಹಾಕಿ ಕೆಸರು ಕೆರೆದರೆ
ಒಳಮೈಯಲ್ಲಿ ಎರಡು ಅಂಕಿ, ಅಷ್ಟೇ ಅದರ ಜಾತಕ.

ಸುಹೇಲ, ಕ್ಯಾಲಿಪರ್ ಕೊಡೋ. ಹಳದಿದಲ್ಲ, ಉಕ್ಕಿನದು.

ಇಲ್ಲಿ ನಾಲ್ಕು ತೂತು, ಅಲ್ಲಿ ನಾಲ್ಕು ಬೋಲ್ಟು.
ಮೋಸ ಹೋಗುವುದು ಇಲ್ಲಿಂದಲೇ ಶುರು.
ಎಣಿಸಿದರೆ ಆಗಲಿಲ್ಲ,
ಎದುರುಬದುರು ತೂತುಗಳ ನಡುವೆ ಅಳೆಯಬೇಕು.
ನೂರು ಮಿಲಿಮೀಟರ್. ನಿಮ್ಮ ಹಬ್‌ನಲ್ಲೂ ನೂರು. ಅದೃಷ್ಟ.
ಹೋದ ವಾರ ಒಬ್ಬ ಹುಡುಗ
ನೂರಾ ಹದಿನಾಲ್ಕರದ್ದು ತಂದು
"ಹೊಡೆದು ಕೂರಿಸಿ ಅಣ್ಣ" ಅಂದಿದ್ದ.
ಹೊಡೆದು ಕೂರಿಸುವುದು ಗೂಟವನ್ನ.

ನಡುವಿನ ತೂತು ಮಾತ್ರ ತುಸು ದೊಡ್ಡದು,
ಅತ್ತೆಯ ಬಳೆ ತೊಟ್ಟ ಹಾಗೆ:
ಕೈಗೆ ಹೋಗುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ.
ಎಂಬತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತದೆ.
ಅದಕ್ಕೆ ರಿಂಗ್ ಸಿಗುತ್ತೆ, ಇನ್ನೂರು ರೂಪಾಯಿ.

"ಎತ್ತರ ಬೇಕು" ಅಂದಿರಿ ನೀವು.
ಹೊಸನಗರದಾಚೆ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ
ಕಾರಿನ ಹೊಟ್ಟೆ ಕಲ್ಲಿಗೆ ತಾಗಿ,
ಎರಡು ಸಲ ಆಯಿಲ್ ಸೋರಿ,
ಒಂದು ಎಮ್ಮೆಯ ಹೆರಿಗೆಗೆ ತಡವಾಗಿತ್ತಂತೆ.
ಕರು ಉಳಿಯಿತಾ ಅಂತ ನಾನು ಕೇಳಲಿಲ್ಲ.
ಜ್ಯಾಕ್ ಏರಿಸಿದೆ.

ನಾಲ್ಕೂ ತೊಡಿಸಿ ಇಳಿಸಿ
ಸ್ಟೇರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ.
ಒಳಗಿನ ಕಂಬಕ್ಕೂ ಟೈರಿಗೂ ನಡುವೆ
ಕಿರುಬೆರಳು ತೂರಿದರೆ ಸಾಕು.
ನನಗೆ ತೋರುಬೆರಳೇ ತೂರಿತು.
ನೀವು ಆಗಲೇ ಪರ್ಸ್ ತೆಗೆದಿದ್ದಿರಿ.

ನಿಲ್ಲಿ. ಖಾಲಿ ನಿಂತ ಕಾರಿಗೆ ಎಲ್ಲ ಚಕ್ರವೂ ಹೊಂದುತ್ತದೆ.
ತೂಕ ಬೇಕು.

ಕಬ್ಬಿನಹಾಲಿನ ಗುತ್ಯಪ್ಪನನ್ನು ಕರೆದೆ,
ಬ್ಯಾಟರಿ ಅಂಗಡಿಯ ಡಿಸಿಲ್ವಾ ಬಂದ,
ಟಿಂಕರಿಂಗ್ ಮಂಜಯ್ಯ ಅರ್ಧ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಬಂದ.
ಮೂವರೂ ಹಿಂದಿನ ಸೀಟಿನಲ್ಲಿ, ಮದುವೆ ದಿಬ್ಬಣದವರ ಹಾಗೆ.
ಮಡ್ಗಾರ್ಡಿನ ಒಳಮೈಗೆ ಒದ್ದೆ ಸುಣ್ಣ ಬಳಿದೆ.
ಆಟೋ ಕಾಂಪ್ಲೆಕ್ಸಿನ ಹಿಂದಿನ ಹಂಪು ಮೂರು ಸಲ ಹತ್ತಿಸಿ ಇಳಿಸಿ
ನೀವು ವಾಪಸು ತಂದು ನಿಲ್ಲಿಸಿದಾಗ
ಹಿಂದಿನ ಎಡಟೈರಿನ ಭುಜಕ್ಕೆ ಬಿಳಿ,
ಹಾಲು ಕದ್ದ ಬೆಕ್ಕಿನ ಮೀಸೆ.

"ಸಾಮಾನ್ಯ ಎಷ್ಟು ಜನ ಕೂರ್ತೀರಿ?"
"ನಾನೊಬ್ಬಳೇ."
ಗುತ್ಯಪ್ಪ ತನ್ನ ಚಪ್ಪಲಿ ನೋಡಿಕೊಂಡ.
"ಹಾಗಾದರೆ ಹೊಂದುತ್ತದೆ" ಅಂದೆ.
ಅಂದ ಮೇಲೆ ಆ ಮಾತು ನನಗೇ ರುಚಿಸಲಿಲ್ಲ.

ಆಮೇಲೆ ನೀವೇ ಒಂದೊಂದಾಗಿ ನೆನೆಸಿಕೊಂಡಿರಿ:
ಡಿಕ್ಕಿಯಲ್ಲಿ ಸಾರಜನಕದ ಕ್ಯಾನು.
ಔಷಧಿ ಪೆಟ್ಟಿಗೆ, ಹಗ್ಗ, ಗಂಬೂಟು.
ಬಸ್ಸು ತಪ್ಪಿಸಿಕೊಂಡ ಯಾರಾದರೂ ಅಜ್ಜಿ, ಅವಳ ಹಲಸಿನಕಾಯಿ.
ಹೋದ ಆಷಾಢದಲ್ಲಿ, ಹಿಂದಿನ ಸೀಟಿನಲ್ಲಿ, ಕಾಲು ಮುರಿದ ಒಂದು ಕರು,
ಅದರ ತಲೆ ಹಿಡಿದುಕೊಂಡು ಆ ಮನೆಯ ಹುಡುಗಿ.

ಎಷ್ಟು ದೊಡ್ಡ ಕರು? ಕೈಯಲ್ಲಿ ತೋರಿಸಿದಿರಿ.
ನಾವು ನಾಲ್ವರೂ ಗಾಳಿಯಲ್ಲಿ ಅದನ್ನು ತೂಗಿದೆವು.
"ಮಲೆನಾಡು ಗಿಡ್ಡವೋ, ಜರ್ಸಿಯೋ?" ಗುತ್ಯಪ್ಪ ಕೇಳಿದ.
"ಜರ್ಸಿ."
"ಹಾಗಾದ್ರೆ ಉಜ್ಜುತ್ತೆ" ಅಂದ,
ಮೂವತ್ತು ವರ್ಷ ಚಕ್ರ ಬಿಚ್ಚಿದವನ ಧಾಟಿಯಲ್ಲಿ,
ಕಬ್ಬು ಬಿಟ್ಟು ಬೇರೇನನ್ನೂ ತಿರುಗಿಸದವನು.

ಗಿಡ್ಡ ಟೈರು ಹಾಕಿದರೆ ಉಜ್ಜುವುದಿಲ್ಲ,
ಆದರೆ ಎತ್ತರಕ್ಕೇ ಅಲ್ಲವೇ ನೀವು ಬಂದದ್ದು.
ಇದಕ್ಕೆ ನನ್ನ ಹತ್ತಿರ ರಿಂಗ್ ಇರಲಿಲ್ಲ.

ಹಳೆಯ ಕಬ್ಬಿಣದವೇ ಹಾಕಿಸಿಕೊಂಡಿರಿ.
ನೋಡಿದ್ದಕ್ಕೆ ದುಡ್ಡಿಲ್ಲ,
ಐದು ಲೋಟ ಕಬ್ಬಿನಹಾಲು ನಿಮ್ಮ ಲೆಕ್ಕ.
ಪುಸ್ತಕದಲ್ಲಿ ಬರೆದೆ:
ಡಾ. ಇಂಚರ, ಪಶು ಆಸ್ಪತ್ರೆ, ಅಲಾಯ್ ನಾಲ್ಕು, ಇಟ್ಟುಹೋಗಿದ್ದು.
ಒಂದರ ಮೇಲೆ ಈಗ ಸುಹೇಲ ಕೂತು ಉಣ್ಣುತ್ತಾನೆ.

ಹೊರಡುವಾಗ ಅವನು ಬಟ್ಟೆ ಹಿಡಿದು ಬಗ್ಗಿದ್ದ,
ಸುಣ್ಣ ಒರೆಸಲು.
"ಬೇಡ, ಇರಲಿ" ಅಂದಿರಿ ಕಿಟಕಿಯಿಂದ.
"ಮುಂದಿನ ಕರು ಕೂತಾಗ
ಇದು ಎಲ್ಲಿವರೆಗೆ ಬರುತ್ತೆ, ನೋಡ್ತೀನಿ."